ತೀರದಿಂದ ಎರಡೇ ಕಿಲೋಮೀಟರ್



ವಿಶಾಖಪಟ್ಟಣಕ್ಕೆ ಪ್ರವಾಸ ಹೋದವರು ರಾಮಕೃಷ್ಣ ಬೀಚಿನಲ್ಲಿ ‘ಕುರ್ಸುರಾ’ ನೋಡದೆ ಬರುವುದು ಅಪರೂಪ. 2001ರಲ್ಲಿ ನಿವೃತ್ತವಾದ ಈ ಜಲಾಂತರ್ಗಾಮಿಯನ್ನು ಮರಳಿನ ಮೇಲಕ್ಕೆ ಎಳೆದು ತಂದು, ಮರುವರ್ಷ ವಸ್ತುಸಂಗ್ರಹಾಲಯವಾಗಿ ತೆರೆಯಲಾಯಿತು. ಒಳಗೆ ತಲೆ ತಗ್ಗಿಸಿ ನಡೆಯಬೇಕು. ಎದುರಿನಿಂದ ಯಾರಾದರೂ ಬಂದರೆ ಪಕ್ಕಕ್ಕೆ ಸರಿದು ನಿಲ್ಲಬೇಕು. ಮಕ್ಕಳಿಗೆ ಅದೇ ಮೋಜು. ಹೊರಗೆ ಬಂದು ಕಡಲಿಗೆ ಮುಖ ಮಾಡಿ ನಿಂತರೆ, ಕಣ್ಣಳತೆಯ ದೂರದಲ್ಲೇ ಇನ್ನೊಂದು ಜಲಾಂತರ್ಗಾಮಿ ಇದೆ. ಅದು ಕಾಣುವುದಿಲ್ಲ. ಅದರೊಳಗೆ ಹೋದವರು ಹೊರಗೆ ಬಂದಿಲ್ಲ.

ಅದು ಪಾಕಿಸ್ತಾನದ ‘ಘಾಜಿ’. 1944ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಮೊದಲು ನೀರಿಗಿಳಿದಾಗ ಅದರ ಹೆಸರು ‘ಡಿಯಾಬ್ಲೊ’. ಎರಡನೆಯ ಮಹಾಯುದ್ಧದಲ್ಲಿ ಕಾದಾಡುವ ಅವಕಾಶ ಅದಕ್ಕೆ ಸಿಗಲಿಲ್ಲ. ಅಷ್ಟರಲ್ಲಿ ಯುದ್ಧವೇ ಮುಗಿದಿತ್ತು. 1964ರಲ್ಲಿ ಅದು ಪಾಕಿಸ್ತಾನದ ನೌಕಾಪಡೆ ಸೇರಿತು. ಭಾರತದ ಮೊದಲ ಜಲಾಂತರ್ಗಾಮಿ ‘ಕಲ್ವರಿ’ ಬಂದದ್ದು 1967ರ ಡಿಸೆಂಬರ್‌ನಲ್ಲಿ. ಹೀಗಾಗಿ 1965ರ ಯುದ್ಧಕಾಲದಲ್ಲಿ ಈ ಉಪಖಂಡದ ನೌಕಾಪಡೆಗಳಲ್ಲಿದ್ದ ಏಕೈಕ ಜಲಾಂತರ್ಗಾಮಿ ಘಾಜಿಯೇ.

1971ರ ನವೆಂಬರ್ 14ರಂದು ಕಮಾಂಡರ್ ಜಾಫರ್ ಮುಹಮ್ಮದ್ ಖಾನ್ ನೇತೃತ್ವದಲ್ಲಿ ಅದು ಕರಾಚಿ ಬಿಟ್ಟಿತು. ಇಡೀ ದಕ್ಷಿಣ ಭಾರತವನ್ನು ಬಳಸಿಕೊಂಡು ಬಂಗಾಳ ಕೊಲ್ಲಿಗೆ ಬರಬೇಕಿತ್ತು. ಅಷ್ಟು ದೂರ ಕ್ರಮಿಸಬಲ್ಲ ಬೇರೆ ಜಲಾಂತರ್ಗಾಮಿ ಪಾಕಿಸ್ತಾನದ ಬಳಿ ಇರಲಿಲ್ಲ. ಅದು ಹುಡುಕಿ ಹೊರಟಿದ್ದು ಭಾರತದ ಏಕೈಕ ವಿಮಾನವಾಹಕ ನೌಕೆ ‘ವಿಕ್ರಾಂತ್’ ಅನ್ನು. ವಿಕ್ರಾಂತ್ ಆಗಲೇ ಅಂಡಮಾನಿನ ಕಡೆ ಸರಿದಿತ್ತು. ಆದರೆ ಪೂರ್ವ ವಲಯದ ಮುಖ್ಯಸ್ಥ ವೈಸ್ ಅಡ್ಮಿರಲ್ ಕೃಷ್ಣನ್ ಅದು ವಿಶಾಖಪಟ್ಟಣದ ಬಳಿಯೇ ಇದೆ ಎಂದು ಶತ್ರುವನ್ನು ನಂಬಿಸಲು ಸುಳ್ಳು ನಿಸ್ತಂತು ಸಂದೇಶಗಳನ್ನು ಹರಿಯಬಿಟ್ಟರು. ದೊಡ್ಡ ಹಡಗಿಗೆ ಬೇಕಾಗುವಷ್ಟು ದಿನಸಿಗೂ ಬೇಡಿಕೆ ಕೊಡಿಸಿದರಂತೆ. ಪೇಟೆಯಲ್ಲಿ ಆಡಿದ ಮಾತು ಎಲ್ಲೆಲ್ಲಿಗೆ ಮುಟ್ಟುತ್ತದೆಂದು ಅವರಿಗೆ ಗೊತ್ತಿದ್ದಿರಬೇಕು.

ಡಿಸೆಂಬರ್ 3ರ ಮಧ್ಯರಾತ್ರಿಯ ಹೊತ್ತಿಗೆ ‘ರಾಜಪೂತ್’ ಎಂಬ ಹಳೆಯ ವಿಧ್ವಂಸಕ ನೌಕೆ ಬಂದರಿನಿಂದ ಹೊರಟಿತು. ನೀರು ವಿಚಿತ್ರವಾಗಿ ಕದಡಿದ್ದನ್ನು ಕಂಡು, ನೀರಿನಾಳದಲ್ಲಿ ಸಿಡಿಯುವ ಡೆಪ್ತ್ ಚಾರ್ಜ್‌ಗಳನ್ನು ಹಾಕಿ ಮುಂದೆ ಸಾಗಿತು. ಸ್ವಲ್ಪ ಹೊತ್ತಿನಲ್ಲೇ ಭಾರೀ ಸ್ಫೋಟ. ಊರಿನ ಮನೆಗಳ ಕಿಟಕಿಗಳು ಅದುರಿದವು.

ಘಾಜಿಯನ್ನು ಮುಳುಗಿಸಿದ್ದು ಯಾರು? ರಾಜಪೂತ್ ಎನ್ನುತ್ತದೆ ಭಾರತ. ತಾನೇ ಹಾಸುತ್ತಿದ್ದ ಮೈನ್‌ಗಳು ಸಿಡಿದು ಮುಳುಗಿತು ಎನ್ನುತ್ತದೆ ಪಾಕಿಸ್ತಾನ. ಮೂರನೆಯ ಸಾಧ್ಯತೆಯೂ ಇದೆ. ಡೀಸೆಲ್ ಎಂಜಿನ್‌ಗೆ ಗಾಳಿ ಬೇಕು. ಆದ್ದರಿಂದ ನೀರಿನಡಿ ಇಂಥ ಜಲಾಂತರ್ಗಾಮಿ ಓಡುವುದು ಬ್ಯಾಟರಿಗಳ ಬಲದಿಂದ. ಆ ಬ್ಯಾಟರಿಗಳನ್ನು ಚಾರ್ಜ್ ಮಾಡುವಾಗ ಜಲಜನಕ ಹೊರಬರುತ್ತದೆ. ಅದು ಒಳಗೇ ಸೇರಿಕೊಂಡರೆ ಒಂದು ಕಿಡಿ ಸಾಕು. ಐದು ದಶಕ ಕಳೆದರೂ ಈ ವಾದ ಮುಗಿದಿಲ್ಲ. ನೌಕಾಪಡೆಗಳಿಗೆ ಇದು ಮುಖ್ಯ ಪ್ರಶ್ನೆಯೇ. ಒಳಗಿದ್ದವರ ಮನೆಯವರಿಗೆ ಎಷ್ಟು ಮುಖ್ಯವೋ ಹೇಳುವುದು ಕಷ್ಟ.

ಒಳಗೆ ಎಷ್ಟು ಜನರಿದ್ದರು? ಕೆಲವು ಬರಹಗಳಲ್ಲಿ 92 ಎಂದಿದೆ, ಕೆಲವದರಲ್ಲಿ 93. ಇತಿಹಾಸದ ಪುಸ್ತಕದಲ್ಲಿ ಇಂಥ ಒಂದಂಕಿಯ ಹೆಚ್ಚುಕಡಿಮೆಯನ್ನು ಯಾರೂ ಗಮನಿಸುವುದಿಲ್ಲ. ಆದರೆ ಇಲ್ಲಿ ಒಂದಂಕಿ ಎಂದರೆ ಒಬ್ಬ ಮನುಷ್ಯ. ಎಲ್ಲೋ ಒಂದು ಮನೆಯವರು ಅವನ ದಾರಿ ಕಾದಿದ್ದರು.

ಘಾಜಿ ಮುಳುಗಿದ ಸುದ್ದಿಯನ್ನು ಭಾರತ ಪ್ರಕಟಿಸಿದ್ದು ಡಿಸೆಂಬರ್ 9ರಂದು. ಅದೇ ರಾತ್ರಿ ದೇಶದ ಇನ್ನೊಂದು ಮಗ್ಗುಲಲ್ಲಿ, ದಿಯು ಬಳಿಯ ಕಡಲಿನಲ್ಲಿ, ಪಾಕಿಸ್ತಾನದ ಜಲಾಂತರ್ಗಾಮಿ ‘ಹಂಗೋರ್’ ಹಾರಿಸಿದ ಟಾರ್ಪೆಡೊಗೆ ನಮ್ಮ ‘ಖುಕ್ರಿ’ ಬಲಿಯಾಯಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಟ್ಟು ಕದಲಲಿಲ್ಲ. ದಿಯುವಿನಲ್ಲಿ ಕಡಲಿಗೆದುರಾಗಿ ಖುಕ್ರಿಯ ಸ್ಮಾರಕವಿದೆ. ಗಾಜಿನ ಪೆಟ್ಟಿಗೆಯೊಳಗೆ ಹಡಗಿನ ಮಾದರಿ ಇಟ್ಟಿದ್ದಾರೆ. ಸತ್ತವರ ಮನೆಯವರು ಅಲ್ಲಿಗೆ ಹೋಗಿ ಹೂವಿಡಬಹುದು. ಅವರನ್ನು ಕೊಂದ ಹಂಗೋರ್ ಕರಾಚಿಯ ವಸ್ತುಸಂಗ್ರಹಾಲಯದಲ್ಲಿ ನಿಂತಿದೆ. ಅಲ್ಲಿಯೂ ಮಕ್ಕಳು ಒಳಹೊಕ್ಕು ನೋಡುತ್ತಿರಬೇಕು.

ಘಾಜಿಯವರ ಮನೆಯವರ ಸ್ಥಿತಿ ಬೇರೆ. ಅವರ ಗೋರಿ ಇರುವುದು ವೈರಿ ದೇಶದ ಕಡಲಿನಲ್ಲಿ. ಅದಕ್ಕೆ ಅತಿ ಹತ್ತಿರದ ದಡ ವಿಶಾಖಪಟ್ಟಣದ್ದು, ಮತ್ತು ಆ ದಡದಲ್ಲಿರುವುದು 1971ರ ವಿಜಯದ ಸ್ಮಾರಕ. ಗೆದ್ದ ಊರು ಗೆಲುವಿನ ಸ್ಮಾರಕ ಕಟ್ಟಿಕೊಂಡದ್ದರಲ್ಲಿ ತಪ್ಪೇನೂ ಇಲ್ಲ. ಘಾಜಿ ಬಂದದ್ದು ವಿಕ್ರಾಂತ್ ಅನ್ನು, ಅದರೊಳಗಿನ ಸಾವಿರಕ್ಕೂ ಹೆಚ್ಚು ಜನರನ್ನು ಮುಳುಗಿಸಲೆಂದೇ ಎಂಬುದನ್ನು ಮರೆಯಬೇಕಾಗಿಯೂ ಇಲ್ಲ. ಪಾಕಿಸ್ತಾನ 1975ರಲ್ಲಿ ಪೋರ್ಚುಗಲ್‌ನಿಂದ ಕೊಂಡ ಜಲಾಂತರ್ಗಾಮಿಗೆ ಮತ್ತೆ ‘ಘಾಜಿ’ ಎಂದೇ ಹೆಸರಿಟ್ಟಿತು. ಸತ್ತ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಹಾಗೆ.

2018ರಲ್ಲಿ ನಮ್ಮ ನೌಕಾಪಡೆಗೆ ಒಂದು ಹೊಸ ವಾಹನ ಬಂತು. ಜಲಾಂತರ್ಗಾಮಿಯೇನಾದರೂ ಕೆಟ್ಟು ತಳದಲ್ಲಿ ಕೂತರೆ, ಆಳಕ್ಕಿಳಿದು, ಅದರ ಬಾಗಿಲಿಗೆ ಅಂಟಿಕೊಂಡು, ಒಳಗೆ ಸಿಕ್ಕಿಬಿದ್ದವರನ್ನು ಜೀವಂತ ಮೇಲಕ್ಕೆ ತರುವುದು ಅದರ ಕೆಲಸ. 1971ರಲ್ಲಿ ಅಂಥದ್ದು ನಮ್ಮಲ್ಲಿ ಇರಲಿಲ್ಲ. ಆ ರಾತ್ರಿಯ ಸ್ಫೋಟದ ಮೇಲೆ, ಇದ್ದರೂ ಉಪಯೋಗವಾಗುತ್ತಿರಲಿಲ್ಲವೇನೋ. ಈ ವಾಹನವೇ ತೀರದಿಂದ ಎರಡು-ಎರಡೂವರೆ ಕಿಲೋಮೀಟರ್ ದೂರದಲ್ಲಿ ಘಾಜಿಯ ಅವಶೇಷವನ್ನು ಪತ್ತೆಮಾಡಿದ ಸುದ್ದಿ 2024ರ ಫೆಬ್ರವರಿಯಲ್ಲಿ ಹೊರಬಿತ್ತು. ಅದನ್ನು ಮುಟ್ಟಲಿಲ್ಲ; ಒಳಗೆ ಮಡಿದವರ ಗೌರವಕ್ಕಾಗಿ ಹಾಗೆ ಮಾಡಿದ್ದೆಂದು ನೌಕಾಪಡೆಯವರು ಹೇಳಿದರು. ಇದ್ದ ಜಾಗ ಗುರುತು ಮಾಡಿಕೊಂಡು, ಇದ್ದ ಹಾಗೆಯೇ ಬಿಟ್ಟು ಬಂದರು.