ಬಾಕಿ ವಿಷಯಗಳ ಭಾರ ಮತ್ತು ಹೆತ್ತವರ ಹೊಣೆ

(ಕಾಲೇಜು ವಿದ್ಯಾರ್ಥಿಗಳ ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣ)



ಫಲಿತಾಂಶ ಪ್ರಕಟವಾದಾಗ ರ‍್ಯಾಂಕ್ ಪಡೆದವರಿಗೆ ನಾವು ಸನ್ಮಾನ ಏರ್ಪಡಿಸುತ್ತೇವೆ. ಅದು ಆಗಬೇಕಾದುದೇ. ಆದರೆ ನಾಲ್ಕು ವಿಷಯಗಳಲ್ಲಿ ಅನುತ್ತೀರ್ಣನಾಗಿ ಮನೆಯ ಮೂಲೆ ಸೇರಿದ ಹುಡುಗನನ್ನು, ಅದೇ ಕಾರಣಕ್ಕೆ ಓದು ನಿಂತು ಮದುವೆಯ ಮಾತಿಗೆ ಗುರಿಯಾದ ಹುಡುಗಿಯನ್ನು ವಿಚಾರಿಸುವವರು ಯಾರು?

2011ರ ಜನಗಣತಿಯಂತೆ ದೇಶದ ಜನಸಂಖ್ಯೆಯಲ್ಲಿ ಮುಸ್ಲಿಮರು ಶೇಕಡಾ 14.2. 2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ ಅವರ ಪಾಲು ಶೇಕಡಾ 5ಕ್ಕಿಂತಲೂ ಕಡಿಮೆ. ಇಷ್ಟು ಕಷ್ಟದಿಂದ ಕಾಲೇಜಿನ ಮೆಟ್ಟಿಲೇರಿದವರು ಅರ್ಧದಲ್ಲೇ ಇಳಿದು ಹೋದರೆ ಪ್ರವೇಶಕ್ಕಾಗಿ ಪಟ್ಟ ಶ್ರಮವೆಲ್ಲ ವ್ಯರ್ಥವಾಗುತ್ತದೆ.

ಹಿಂದೆ ಬಿದ್ದವನು ದಡ್ಡನೆಂದು ತೀರ್ಮಾನಿಸಬೇಡಿ. ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಕಲಿತವನಿಗೆ ಒಮ್ಮೆಲೇ ಇಂಗ್ಲಿಷ್ ಪಠ್ಯ ಎದುರಾಗಿರುತ್ತದೆ. ಪಿಯುಸಿಯ ಗಣಿತವೇ ಗಟ್ಟಿಯಾಗಿರುವುದಿಲ್ಲ. ಸಂಜೆಯಾದರೆ ತಂದೆಯ ಅಂಗಡಿಯಲ್ಲಿ ನಿಲ್ಲಬೇಕು. ಕಾರಣ ತಿಳಿಯದೆ ಗದರಿಸಿದರೆ ಆತ ಮುಂದಿನ ಅಂಕಪಟ್ಟಿಯನ್ನು ಮುಚ್ಚಿಡುತ್ತಾನೆ. ಅಲ್ಲಿಂದಲೇ ನಿಜವಾದ ಪತನ ಆರಂಭವಾಗುತ್ತದೆ.

ಹಾಗಾದರೆ ಮಾಡಬೇಕಾದುದೇನು? ಮೊದಲು ಬಾಕಿ ವಿಷಯಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಸೋತದ್ದು ಎಲ್ಲಿ? ಹಾಜರಿಯಲ್ಲೋ, ಆಂತರಿಕ ಅಂಕಗಳಲ್ಲೋ, ಅಂತಿಮ ಪರೀಕ್ಷೆಯಲ್ಲೋ? ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಸಾಮಾನ್ಯವಾಗಿ ಶೇಕಡಾ 85 ಹಾಜರಿ ಇರಬೇಕು. ಹಾಜರಿ ಕಡಿಮೆಯಾದವನಿಗೆ ಟ್ಯೂಷನ್ ಒಂದೇ ಮದ್ದಲ್ಲ.

ಎರಡನೆಯದಾಗಿ, ಉತ್ತರ ಪತ್ರಿಕೆಯನ್ನು ತರಿಸಿ ನೋಡಿ. ಮೌಲ್ಯಮಾಪನಗೊಂಡ ತನ್ನ ಉತ್ತರ ಪತ್ರಿಕೆಯನ್ನು ಮಾಹಿತಿ ಹಕ್ಕು ಕಾಯ್ದೆಯಡಿ ನೋಡುವ ಹಕ್ಕು ವಿದ್ಯಾರ್ಥಿಗಿದೆಯೆಂದು ಸುಪ್ರೀಂ ಕೋರ್ಟ್ 2011ರಲ್ಲೇ ತೀರ್ಪಿತ್ತಿದೆ. ಮರುಮೌಲ್ಯಮಾಪನದ ಕೊನೆಯ ದಿನಾಂಕ ಅಳುತ್ತಾ ಕುಳಿತಿರುವಾಗಲೇ ಕಳೆದು ಹೋಗದಿರಲಿ.

ಮೂರನೆಯದಾಗಿ, ವಿಷಯಗಳಿಗೆ ಕ್ರಮ ನಿಗದಿಪಡಿಸಿ. ಮುಂದಿನ ಪಾಠಗಳಿಗೆ ತಳಹದಿಯಾದ ಗಣಿತದಂತಹ ವಿಷಯ ಮೊದಲು ಮುಗಿಯಲಿ. ಕ್ರೆಡಿಟ್‌ಗಳನ್ನೂ ಗಮನಿಸಿ. 4 ಕ್ರೆಡಿಟ್‌ನ ವಿಷಯದಲ್ಲಿ 6 ಗ್ರೇಡ್ ಅಂಕ ಬಂದರೆ ಒಟ್ಟು ಲೆಕ್ಕಕ್ಕೆ 24 ಸೇರುತ್ತದೆ. 1 ಕ್ರೆಡಿಟ್‌ನ ವಿಷಯದಿಂದ ಸೇರುವುದು ಕೇವಲ 6. ಎಷ್ಟು ವಿಷಯಗಳು ಬಾಕಿಯಿದ್ದರೆ ಮುಂದಿನ ವರ್ಷಕ್ಕೆ ಪ್ರವೇಶವಿಲ್ಲವೆಂಬ ನಿಯಮ ಆಯಾ ವಿಶ್ವವಿದ್ಯಾಲಯದಲ್ಲಿ ಬೇರೆ ಬೇರೆ. ಅದನ್ನು ಗೆಳೆಯರ ಬಾಯಿಂದಲ್ಲ, ಕಾಲೇಜಿನ ಕಚೇರಿಯಿಂದಲೇ ಕೇಳಿ ತಿಳಿದುಕೊಳ್ಳಿ.

ಹೆತ್ತವರಲ್ಲಿ ನನ್ನ ವಿನಂತಿಯಿಷ್ಟೆ. ಪರೀಕ್ಷೆ ಮುಗಿಯುವವರೆಗೆ ಮಗನನ್ನು ಅಂಗಡಿಯಿಂದ, ಮಗಳನ್ನು ಮನೆಗೆಲಸದಿಂದ ಬಿಡುಗಡೆಗೊಳಿಸಿ. ನೆಂಟರ ಮಕ್ಕಳೊಂದಿಗೆ ಹೋಲಿಸಬೇಡಿ. ಮಗು ಊಟ, ನಿದ್ದೆ, ಮಾತು ಬಿಟ್ಟಿದ್ದರೆ ಅದನ್ನು ಸೋಮಾರಿತನವೆಂದು ತಳ್ಳಿ ಹಾಕಬೇಡಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ, 14416ಕ್ಕೆ, ಕರೆ ಮಾಡಲು ಸಂಕೋಚ ಬೇಡ.

ನಮ್ಮ ಸಂಘಟನೆಗಳಿಗೂ ಒಂದು ಮಾತು. ಸನ್ಮಾನದ ಶಾಲು, ಫಲಕಗಳಿಗೆ ವ್ಯಯಿಸುವ ಹಣದ ಒಂದು ಪಾಲು ಮರುಪರೀಕ್ಷೆಯ ಶುಲ್ಕಕ್ಕೆ ಮೀಸಲಾಗಲಿ. ನಮ್ಮೂರಿನಲ್ಲಿ ಪದವಿ ಮುಗಿಸಿದ ಯುವಕ ಯುವತಿಯರು ವಾರಕ್ಕೆ ಎರಡು ಸಂಜೆ ಒಂದೊಂದು ವಿಷಯ ಕಲಿಸಲಿ. ಗೆದ್ದವರನ್ನು ಗೌರವಿಸಲು ಎಲ್ಲರಿಗೂ ಗೊತ್ತು. ಎಡವಿದವರಿಗೆ ಆಸರೆಯಾಗಿ ನಿಂತು ಪದವಿಯವರೆಗೆ ಕರೆದೊಯ್ಯುವ ಸಮುದಾಯವೇ ಶಿಕ್ಷಣದಲ್ಲಿ ಮುನ್ನಡೆಯುತ್ತದೆ.