ಕೆಮ್ಮಣ್ಣಿನ ಊಟದ ಪಂಕ್ತಿ

ಚಂದಾಪುರದಲ್ಲಿ ಬಸ್ಸಿಳಿದು ಆನೇಕಲ್ ರಸ್ತೆ ಹಿಡಿದರೆ ಮೊದಲು ಸಿಗುವುದು ಅಂಗಡಿ ಸಾಲು, ಆಮೇಲೆ ಅಪಾರ್ಟ್‌ಮೆಂಟು, ಅದರಾಚೆ ಕಲ್ಲು ನೆಟ್ಟ ಖಾಲಿ ಸೈಟುಗಳು. ಇನ್ನೂ ಸ್ವಲ್ಪ ಒಳಗೆ ಹೋಗಿ ನೋಡಿ. ಸೈಟುಗಳ ಮಗ್ಗುಲಲ್ಲೇ ಎಲ್ಲೋ ಒಂದೆರಡು ಎಕರೆ ರಾಗಿ ಹೊಲ ಇನ್ನೂ ಉಸಿರಾಡುತ್ತಿರುತ್ತದೆ.

ಉಸಿರಾಡುತ್ತದೆ ಎಂದದ್ದು ಅಲಂಕಾರಕ್ಕಲ್ಲ, ಮಕ್ಕಳೇ. ಹೊಲದ ಮಣ್ಣಿನ ಮೇಲೆ ಒಂದು ಡಬ್ಬಿಯನ್ನು ಬೋರಲು ಹಾಕಿ, ಒಳಗಿನ ಗಾಳಿಯನ್ನು ಅಳೆದರೆ, ಹೊತ್ತು ಕಳೆದಂತೆ ಅದರಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತಾ ಹೋಗುತ್ತದೆ. ನೀವು ಹೊರಬಿಡುವ ಉಸಿರಿನಲ್ಲೂ ಅದೇ ಇರುತ್ತದೆ. ಹಾಗಾದರೆ ಮಣ್ಣಿನೊಳಗೆ ಉಸಿರು ಬಿಡುತ್ತಿರುವವರು ಯಾರು? ಒಂದು ಪಾಲು ಬೇರುಗಳದು. ಇನ್ನೊಂದು ದೊಡ್ಡ ಪಾಲು ಕಣ್ಣಿಗೆ ಕಾಣದವರದು. ಬ್ಯಾಕ್ಟೀರಿಯಾ, ಶಿಲೀಂಧ್ರ ಮತ್ತು ಅವರನ್ನು ತಿಂದು ಬದುಕುವ ಇನ್ನೂ ನೂರಾರು ಬಗೆಯವರು.

ಎಷ್ಟು ಮಂದಿ ಇದ್ದಾರೆ? ನಮ್ಮ ದೇಶದ ಜನಸಂಖ್ಯೆ 140 ಕೋಟಿ ದಾಟಿದೆ. ಫಲವತ್ತಾದ ಮಣ್ಣನ್ನು ಒಂದು ಟೀ ಚಮಚದಷ್ಟು ತೆಗೆದರೆ ಅದರಲ್ಲಿರುವ ಬ್ಯಾಕ್ಟೀರಿಯಾಗಳು ಅದಕ್ಕೂ ಹೆಚ್ಚೇ ಇದ್ದಾವು. ಇವರನ್ನು ನೀವು ನೋಡಿಲ್ಲ, ಆದರೆ ಇವರ ವಾಸನೆ ನಿಮಗೆ ಚೆನ್ನಾಗಿ ಗೊತ್ತು. ಮೊದಲ ಮಳೆ ಬಿದ್ದಾಗ ನೆಲದಿಂದ ಘಮ್ಮೆಂದು ಏಳುತ್ತದಲ್ಲ, ಆ ಪರಿಮಳದಲ್ಲಿ ಜಿಯೋಸ್ಮಿನ್ ಎಂಬ ವಸ್ತುವಿದೆ. ಅದನ್ನು ತಯಾರಿಸುವವರಲ್ಲಿ ಮುಖ್ಯರು ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾ ಬಳಗದವರು. ಕ್ಷಯರೋಗಕ್ಕೆ ಮೊದಲ ಮದ್ದಾದ ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಸಿಕ್ಕಿದ್ದೂ ಇದೇ ಬಳಗದಿಂದ.

ಹೊಲದಡಿಯಲ್ಲಿ ಈ ಮಂದಿಯೆಲ್ಲ ಒಂದು ದೊಡ್ಡ ಊಟದ ಪಂಕ್ತಿಯಲ್ಲಿ ಕೂತಿದ್ದಾರೆ ಎಂದುಕೊಳ್ಳಿ. ರೈತರು ಬಡಿಸುವವರು. ಎಲೆಗೆ ಏನು ಬೀಳುತ್ತದೋ ಅದನ್ನು ನೋಡಿಕೊಂಡು ಯಾರು ಕೂತು ಉಣ್ಣಬೇಕು, ಯಾರು ಎದ್ದು ಹೋಗಬೇಕು ಎಂಬುದು ತೀರ್ಮಾನವಾಗುತ್ತದೆ.

ನಿಮ್ಮ ಅಜ್ಜಿಯನ್ನೋ ತಾತನನ್ನೋ ಕೇಳಿ, ಮೊದಲೆಲ್ಲ ಏನು ಬಡಿಸುತ್ತಿದ್ದರು ಎಂದು. ಹಿತ್ತಲಲ್ಲಿ ತಿಪ್ಪೆ ಇರುತ್ತಿತ್ತು. ಸಗಣಿ, ಗಂಜಲದಲ್ಲಿ ನೆನೆದ ಹುಲ್ಲು, ಒಲೆಯ ಬೂದಿ, ಹೊಂಗೆ ಎಲೆ ಎಲ್ಲವೂ ಅಲ್ಲಿಗೆ. ಬೇಸಿಗೆಯಲ್ಲಿ ಅದನ್ನು ಗಾಡಿಗೆ ಹೇರಿ, ಹೊಲದಲ್ಲಿ ಗುಡ್ಡೆ ಹಾಕಿ, ಮಳೆ ಬಿದ್ದ ಮೇಲೆ ಹರಡಿ ಉಳುತ್ತಿದ್ದರು. ಕೆರೆ ಒಣಗಿದಾಗ ಅದರ ಹೂಳನ್ನು, ಅಂದರೆ ಕೆರೆಗೋಡನ್ನು, ಹೊಲಕ್ಕೆ ಹೊಡೆಯುತ್ತಿದ್ದರು. ಕುರಿಯವರು ಬಂದರೆ ಹೊಲದಲ್ಲಿ ಮಂದೆ ನಿಲ್ಲಿಸುತ್ತಿದ್ದರು. ಈಗ ಕೊಟ್ಟಿಗೆಯಲ್ಲಿ ದನ ಕಡಿಮೆ, ಗಾಡಿ ಹೂಡುವವರೂ ಕಡಿಮೆ. 45 ಕಿಲೋದ ಒಂದು ಮೂಟೆ ಯೂರಿಯಾವನ್ನು ಸ್ಕೂಟರಿನಲ್ಲಿಟ್ಟುಕೊಂಡು ಬರಬಹುದು. ಅದರಲ್ಲಿ 20 ಕಿಲೋಗೂ ಮಿಕ್ಕಿ ಸಾರಜನಕ ಇರುತ್ತದೆ. ಅಷ್ಟೇ ಸಾರಜನಕ ಕೊಟ್ಟಿಗೆ ಗೊಬ್ಬರದಿಂದ ಬರಬೇಕೆಂದರೆ ಸುಮಾರು 4 ಟನ್ ಹೊರಬೇಕು. ರೈತರು ಮೂಟೆಯ ಕಡೆಗೆ ವಾಲಿದ್ದೇಕೆ ಎಂದು ಇದರಲ್ಲೇ ತಿಳಿಯುತ್ತದೆ. ಅದಕ್ಕಾಗಿ ಅವರನ್ನು ಬೈಯಬಾರದು.

ಆದರೆ ಆ 4 ಟನ್ ಗೊಬ್ಬರದಲ್ಲಿ ಸಾರಜನಕದ ಜೊತೆ ಬೇರೊಂದು ಸಂಗತಿಯೂ ಇತ್ತು. ಇಂಗಾಲ. ಹುಲ್ಲು, ಎಲೆ, ಸಗಣಿ ಇವುಗಳೊಳಗೆ ಕೂತಿರುವ ಇಂಗಾಲವೇ ಮಣ್ಣಿನ ಬಹುಪಾಲು ಜೀವಿಗಳಿಗೆ ಮುದ್ದೆ ಇದ್ದ ಹಾಗೆ. ಯೂರಿಯಾ, ಡಿಎಪಿ, ಪೊಟ್ಯಾಷ್ ಗಿಡಕ್ಕೆ ಬೇಕಾದ ಉಪ್ಪು, ಹುಳಿ, ಖಾರ. ಮುದ್ದೆ ಇಲ್ಲದೆ ಬರೀ ಉಪ್ಪು ಖಾರ ಬಡಿಸಿದರೆ ಪಂಕ್ತಿ ಎಷ್ಟು ದಿನ ಕೂತೀತು?

ಯೂರಿಯಾ ನೆಲಕ್ಕೆ ಬಿದ್ದ ಮೇಲೆ ನಡೆಯುವ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ನನಗೆ ಬಹಳ ಇಷ್ಟವಾದ ಕಥೆ ಅದು. ಬಿಳಿ ಹರಳನ್ನು ಬೇರು ನೇರವಾಗಿ ಹೀರಿಕೊಳ್ಳುವುದು ತೀರಾ ಕಡಿಮೆ. ಮಣ್ಣಿನ ಸೂಕ್ಷ್ಮಜೀವಿಗಳು ಯೂರಿಯೇಸ್ ಎಂಬ ಕಿಣ್ವದಿಂದ ಮೊದಲು ಅದನ್ನು ಒಡೆಯುತ್ತವೆ, ಅಮೋನಿಯಂ ಆಗುತ್ತದೆ. ಆಗ ನೈಟ್ರೊಸೊಮೊನಾಸ್‌ನಂಥ ಬ್ಯಾಕ್ಟೀರಿಯಾಗಳು ಬರುತ್ತವೆ. ಅಮೋನಿಯಂ ಅವುಗಳ ಕೈಯಲ್ಲಿ ನೈಟ್ರೈಟ್ ಆಗುತ್ತದೆ. ಅಲ್ಲಿಂದ ನೈಟ್ರೊಬ್ಯಾಕ್ಟರ್ ಮತ್ತು ಅದರ ನೆಂಟರು ನೈಟ್ರೇಟ್ ಮಾಡುತ್ತಾರೆ. ಗಿಡ ಅದನ್ನು ಹೀರಿ ಹಸಿರಾಗುತ್ತದೆ. ಒಂದು ಹಿಡಿ ಮೇಲುಗೊಬ್ಬರ ರಾಗಿ ಪೈರಿಗೆ ತಲುಪಬೇಕಾದರೆ ಇಷ್ಟು ಕೈ ದಾಟಬೇಕು! ದಾಟುವಾಗ ಒಂದು ಹೆಜ್ಜೆಯಲ್ಲಿ ಆಮ್ಲ ಉಳಿಯುತ್ತದೆ. ಒಂದು ವರ್ಷಕ್ಕೆ ಅದು ಲೆಕ್ಕಕ್ಕಿಲ್ಲ. ಮೂವತ್ತು, ನಲವತ್ತು ವರ್ಷ ಹಾಗೇ ಉಳಿಯುತ್ತಾ ಹೋದರೆ?

ಇದನ್ನು ಊಹಿಸುವ ಅಗತ್ಯವಿಲ್ಲ. ಚಂದಾಪುರದಿಂದ ಬೆಂಗಳೂರನ್ನು ದಾಟಿ ಊರಿನ ಆಚೆ ತುದಿಗೆ ಹೋದರೆ ಬಳ್ಳಾರಿ ರಸ್ತೆಯಲ್ಲಿ ಜಿಕೆವಿಕೆ ಇದೆ, ನಮ್ಮ ಕೃಷಿ ವಿಶ್ವವಿದ್ಯಾಲಯ. ನವೆಂಬರಿನ ಕೃಷಿ ಮೇಳಕ್ಕೆ ನಿಮ್ಮಲ್ಲಿ ಕೆಲವರು ಹೋಗಿರಬಹುದು. ಅಲ್ಲಿನ ಕೆಮ್ಮಣ್ಣಿನಲ್ಲಿ 1986ರಿಂದ ಒಂದು ಪ್ರಯೋಗ ನಡೆದುಕೊಂಡು ಬಂದಿದೆ. ಒಂದೇ ನೆಲವನ್ನು ಚಿಕ್ಕ ಚಿಕ್ಕ ತಾಕುಗಳಾಗಿ ಮಾಡಿ, ಒಂದು ಬೆಳೆ ರಾಗಿ, ಮುಂದಿನದು ಮುಸುಕಿನ ಜೋಳ, ಹೀಗೆ ಬೆಳೆಯುತ್ತಾರೆ. ಯಾವ ತಾಕಿಗೆ ಏನು ಎಂಬುದು ಬದಲಾಗುವುದಿಲ್ಲ. ಒಂದಕ್ಕೆ ಏನೂ ಇಲ್ಲ. ಒಂದಕ್ಕೆ ಸಾರಜನಕ ಮಾತ್ರ. ಒಂದಕ್ಕೆ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ. ಇನ್ನೊಂದಕ್ಕೆ ಈ ಮೂರರ ಜೊತೆ ಕೊಟ್ಟಿಗೆ ಗೊಬ್ಬರ, ಮತ್ತೊಂದಕ್ಕೆ ಅದರ ಮೇಲೆ, ಹುಳಿ ಮುರಿಯಲು, ಸುಣ್ಣವೂ.

ವರ್ಷಗಳು ಉರುಳಿದವು. ಸಾರಜನಕ ಮಾತ್ರ ಉಂಡ ತಾಕಿನ ಮಣ್ಣು ಹುಳಿಯಾಯಿತು, ಇಳುವರಿ ತೀರಾ ಕುಸಿಯಿತು, ಸೂಕ್ಷ್ಮಜೀವಿಗಳ ಬಳಗವೂ ಕ್ಷೀಣಿಸಿತು. ಗೊಬ್ಬರ ಮತ್ತು ಸುಣ್ಣ ಎರಡನ್ನೂ ಪಡೆದ ತಾಕಿನಲ್ಲಿ ಸೂಕ್ಷ್ಮಜೀವಿಗಳು ತುಂಬಿ ತುಳುಕಿದವು, ಪೈರೂ ಚೆನ್ನಾಗಿ ಬಂತು. ನಡುವೆ ಇರುವುದು ಕೆಲವು ಮೀಟರಿನ ಅಂತರ, ಮಳೆ ಬಿಸಿಲು ಎಲ್ಲ ಒಂದೇ. ಬಡಿಸಿದ್ದು ಮಾತ್ರ ಬೇರೆ.

ಅದೇ ಜಿಕೆವಿಕೆಯ ಒಣಬೇಸಾಯದ ವಿಜ್ಞಾನಿಗಳು 1978ರಲ್ಲೇ ಮಳೆಯಾಶ್ರಯದ ರಾಗಿಯಲ್ಲಿ ಇಂಥದ್ದೇ ಇನ್ನೊಂದು ಪ್ರಯೋಗ ಆರಂಭಿಸಿದ್ದರು. ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರದ ಜೊತೆ ರಸಗೊಬ್ಬರ ಕೊಟ್ಟ ಕಡೆ ಇಳುವರಿ ವರ್ಷದಿಂದ ವರ್ಷಕ್ಕೆ ನಿಂತುಕೊಂಡಿತು. ಬರೀ ರಸಗೊಬ್ಬರ ಕೊಟ್ಟು ರಾಗಿಯ ಮೇಲೆ ರಾಗಿಯನ್ನೇ ಬೆಳೆದ ಕಡೆ ಮೊದಲು ಚೆನ್ನಾಗಿದ್ದು ಆಮೇಲೆ ಇಳಿಯಿತು.

ಹಾಗಾದರೆ ಸೀಮೆಗೊಬ್ಬರ ವಿಷವೇ? ಅಲ್ಲ. ಇಲ್ಲಿ ಅವಸರದ ಮಾತು ಬೇಡ. ಕ್ಯಾಲಿಫೋರ್ನಿಯಾದ ಇಬ್ಬರು ವಿಜ್ಞಾನಿಗಳು ಬೇರೆ ಬೇರೆ ದೇಶಗಳ 64 ದೀರ್ಘಕಾಲದ ಪ್ರಯೋಗಗಳ ಲೆಕ್ಕವನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟಿಸಿದರು. ಏನೂ ಹಾಕದ ನೆಲಕ್ಕಿಂತ ರಸಗೊಬ್ಬರ ಹಾಕಿದ ನೆಲದಲ್ಲಿ ಸೂಕ್ಷ್ಮಜೀವಿಗಳ ಒಟ್ಟು ತೂಕ ಸರಾಸರಿ ಶೇಕಡಾ 15ರಷ್ಟು ಹೆಚ್ಚೇ ಇತ್ತು. ಕಾರಣ ಸರಳವಾಗಿದೆ. ಪೈರು ದೊಡ್ಡದಾದರೆ ಬೇರೂ ದೊಡ್ಡದು, ಉದುರುವ ಎಲೆಯೂ ಹೆಚ್ಚು, ಅದೆಲ್ಲ ಮಣ್ಣಿಗೇ ಊಟ. ಆದರೆ ಮಣ್ಣಿನ ರಸಸಾರ (pH) 5ಕ್ಕಿಂತ ಕೆಳಗಿಳಿದು ಹುಳಿಯಾದ ಕಡೆ ಲೆಕ್ಕ ತಿರುಗಿಬಿದ್ದು, ಜೀವಿಗಳು ಕಡಿಮೆಯಾಗುವ ಹಾದಿ ಹಿಡಿದಿದ್ದವು. ನಮ್ಮ ಆನೇಕಲ್ ಸೀಮೆಯ ಕೆಮ್ಮಣ್ಣು ಮಳೆಗೆ ಸುಣ್ಣದಂಶ ತೊಳೆದುಹೋಗುವ ಜಾತಿಯದು. ಆದ್ದರಿಂದ ಈ ಮಾತನ್ನು ನಾವು ಹೆಚ್ಚು ಗಮನವಿಟ್ಟು ಕೇಳಬೇಕು.

ಮಣ್ಣು ಹುಳಿಯಾಗಿ, ಕೊಳೆಸುವವರೆಲ್ಲ ಎದ್ದು ಹೋದರೆ ಏನಾಗುತ್ತದೆ ಎಂಬುದನ್ನು ಕಣ್ಣಾರೆ ನೋಡುವ ಜಾಗವೊಂದು ಇಂಗ್ಲೆಂಡಿನ ರೋಥಾಮ್‌ಸ್ಟೆಡ್‌ನಲ್ಲಿದೆ. ಅಲ್ಲಿ 1856ರಲ್ಲಿ ಒಂದು ಹುಲ್ಲುಗಾವಲನ್ನು ಪಟ್ಟಿ ಪಟ್ಟಿಯಾಗಿ ಹಂಚಿಕೊಂಡು ಗೊಬ್ಬರದ ಪ್ರಯೋಗ ಶುರುಮಾಡಿದರು, ಇಂದಿಗೂ ನಡೆದಿದೆ. ಅಮೋನಿಯಂ ಸಲ್ಫೇಟ್ ಹಾಕುತ್ತಾ ಬಂದ, ಸುಣ್ಣ ಕಾಣದ ಪಟ್ಟಿಗಳಲ್ಲಿ ಸತ್ತ ಹುಲ್ಲು ಕೊಳೆಯುವುದೇ ಇಲ್ಲವೆಂಬಷ್ಟು ನಿಧಾನವಾಗಿ, ನೆಲದ ಮೇಲೆ ಚಾಪೆ ಹಾಸಿದಂತೆ ದಪ್ಪಗೆ ಕೂತಿದೆ. ಎರೆಹುಳು ಇಲ್ಲ, ಬ್ಯಾಕ್ಟೀರಿಯಾ ಕಡಿಮೆ. ಕಸ ಎತ್ತುವವರು ಬಾರದಿದ್ದರೆ ನಮ್ಮ ಬೀದಿ ಹೇಗಾಗುತ್ತದೋ ಹಾಗೆ.

ಇನ್ನೊಬ್ಬ ಅತಿಥಿಯ ಪರಿಚಯ ಮಾಡಿಸಬೇಕು. ಕೆಮ್ಮಣ್ಣು ಕೆಂಪಗಿರುವುದು ಕಬ್ಬಿಣದ ತುಕ್ಕಿನಿಂದ. ಆ ಕಬ್ಬಿಣ ರಂಜಕವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಬೇರಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಆಗ ಮೈಕೊರೈಜಾ ಎಂಬ ಶಿಲೀಂಧ್ರ ನೆರವಿಗೆ ಬರುತ್ತದೆ. ಅದು ಬೇರಿನೊಳಗೆ ಮನೆ ಮಾಡಿಕೊಂಡು, ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಎಳೆಗಳನ್ನು ಮಣ್ಣಿಗೆ ಚಾಚುತ್ತದೆ. ಬೇರು ಹೋಗಲಾರದ ಸಂದಿಗೂ ಹೋಗಿ ರಂಜಕ ತರುತ್ತದೆ. ಗಿಡ ಅದಕ್ಕೆ ಬಿಸಿಲಲ್ಲಿ ಮಾಡಿದ ಸಕ್ಕರೆ ಕೊಡುತ್ತದೆ. ಜಿಕೆವಿಕೆಯಲ್ಲಿದ್ದ ವಿಜ್ಞಾನಿ ಡಿ. ಜೆ. ಭಾಗ್ಯರಾಜ್ ಇದರ ಅಧ್ಯಯನದಲ್ಲೇ ದಶಕಗಳನ್ನು ಕಳೆದವರು, ಈ ವಿಷಯದಲ್ಲಿ ಜಗತ್ತು ಬಲ್ಲ ಹೆಸರು ಅವರದು. ರಂಜಕದ ಗೊಬ್ಬರ ಧಾರಾಳವಾಗಿ ಬಿದ್ದರೆ ಗಿಡಕ್ಕೆ ಈ ಸ್ನೇಹಿತನ ಹಂಗು ಬೇಕಾಗುವುದಿಲ್ಲ, ಸಕ್ಕರೆ ಕೊಡುವುದನ್ನು ಕಡಿಮೆ ಮಾಡುತ್ತದೆ, ಎಳೆಗಳು ಕ್ಷೀಣಿಸುತ್ತವೆ. ಪದೇಪದೇ ಆಳವಾಗಿ ಉತ್ತರೆ ಎಳೆಗಳು ಹರಿದುಹೋಗುತ್ತವೆ. ಕೋಸು, ಹೂಕೋಸು, ಮೂಲಂಗಿ, ಸಾಸಿವೆ ಈ ಕುಟುಂಬದ ಗಿಡಗಳು ಮಾತ್ರ ಮೊದಲಿನಿಂದಲೂ ಇದರ ಸ್ನೇಹ ಬೆಳೆಸಿದವಲ್ಲ. ವರ್ಷವಿಡೀ ಕೋಸಿನ ಮೇಲೆ ಕೋಸು ಬೆಳೆದರೆ ಮೈಕೊರೈಜಾಕ್ಕೆ ಆ ಹೊಲದಲ್ಲಿ ಮನೆಯೇ ಇಲ್ಲ.

ನಮ್ಮ ಹಿರಿಯರ ಅಕ್ಕಡಿ ಸಾಲು ನನಗೆ ಅದ್ಭುತ ಅನ್ನಿಸುವುದು ಇದಕ್ಕೇ. ರಾಗಿ ನಡುವೆ ಇಷ್ಟಿಷ್ಟು ಅಂತರಕ್ಕೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಜೋಳದ ಸಾಲು. ಒಂದೊಂದು ಬೇರೂ ಒಂದೊಂದು ಬಗೆಯ ರಸ ಜಿನುಗಿಸುತ್ತದೆ, ಒಂದೊಂದು ರಸಕ್ಕೂ ಬೇರೆ ಬೇರೆ ಅತಿಥಿಗಳು ಸೇರುತ್ತಾರೆ. ಅವರೆ, ತೊಗರಿ, ಅಲಸಂದೆಯ ಬೇರಿನಲ್ಲಂತೂ ಗಾಳಿಯ ಸಾರಜನಕವನ್ನೇ ಹಿಡಿದು ಗಿಡಕ್ಕೆ ಉಣಿಸುವ ಬ್ಯಾಕ್ಟೀರಿಯಾಗಳು ಗಂಟು ಕಟ್ಟಿಕೊಂಡು ಕೂರುತ್ತವೆ. ಮೂಟೆ ಇಲ್ಲ, ದುಡ್ಡಿಲ್ಲ. ಯೂರಿಯಾ ಹೆಚ್ಚು ಬಿದ್ದ ಕಡೆ ಮಾತ್ರ ಗಿಡ ಈ ಗಂಟುಗಳನ್ನು ಕಡಿಮೆ ಕಟ್ಟುತ್ತದೆ. ಪುಕ್ಕಟೆ ಸಿಕ್ಕಾಗ ಯಾರು ತಾನೇ ಕಷ್ಟಪಡುತ್ತಾರೆ?

ಇದನ್ನು ನನ್ನ ಮಾತಿನ ಮೇಲೆ ನಂಬಬೇಡಿ. ಹತ್ತನೇ ಮಹಡಿಯ ಬಾಲ್ಕನಿಯಲ್ಲೂ ಮಾಡಬಹುದಾದ ಪರೀಕ್ಷೆ ಇದು. ಹೊಲದ ಒಡೆಯರನ್ನು ಕೇಳಿ ಅವರೆಯೋ ಅಲಸಂದೆಯೋ ಬೆಳೆದ ಜಾಗದಿಂದ ಒಂದಷ್ಟು ಮಣ್ಣು ತನ್ನಿ, ಎರಡು ಕುಂಡಕ್ಕೆ ಸಮನಾಗಿ ತುಂಬಿ. ಎರಡಕ್ಕೂ ಒಂದೊಂದು ಹಿಡಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ, ಮೂರು ಮೂರು ಅಲಸಂದೆ ಕಾಳು ಊರಿ. ಒಂದು ಕುಂಡಕ್ಕೆ ಮಾತ್ರ ವಾರಕ್ಕೊಮ್ಮೆ ಒಂದು ಲೋಟ ನೀರಿನಲ್ಲಿ ಕರಗಿಸಿದ ಒಂದು ಚಿಟಿಕೆ ಯೂರಿಯಾ ಕೊಡಿ. ಇನ್ನೊಂದಕ್ಕೆ ಆ ಹೊತ್ತಿಗೆ ಬರೀ ನೀರು. ನಲವತ್ತು ದಿನ ಕಳೆದ ಮೇಲೆ ಗಿಡಗಳನ್ನು ಮಣ್ಣಿನ ಸಮೇತ ಎತ್ತಿ, ಬಕೆಟ್ಟಿನಲ್ಲಿ ನೆನೆಹಾಕಿ, ಬೇರು ಹರಿಯದಂತೆ ತೊಳೆಯಿರಿ. ಗಂಟುಗಳನ್ನು ಎಣಿಸಿ, ಯಾವ ಕುಂಡದಲ್ಲಿ ಎಷ್ಟು ಎಂದು ತಾರೀಖಿನ ಜೊತೆ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆಮೇಲೆ ಒಂದು ಗಂಟನ್ನು ಉಗುರಿನಿಂದ ಒಡೆದು ನೋಡಿ, ಕೈಯನ್ನು ಸೋಪು ಹಚ್ಚಿ ತೊಳೆಯುವುದನ್ನು ಮರೆಯಬೇಡಿ. ಒಳಗೆ ನಸುಗೆಂಪು ಕಂಡರೆ, ಆ ಹೊತ್ತಿನಲ್ಲೂ ಅಲ್ಲಿ ಗಾಳಿಯಿಂದ ಗೊಬ್ಬರ ತಯಾರಾಗುತ್ತಿತ್ತು ಎಂದರ್ಥ.