ಮೀನಿನ ಜತೆ ಕೆಂಪು ವೈನ್: ಬಾಂಡ್ ಹಿಡಿದ ತಪ್ಪು ತಪ್ಪೇ?

1963ರಲ್ಲಿ ತೆರೆಕಂಡ ‘ಫ್ರಮ್ ರಷ್ಯಾ ವಿತ್ ಲವ್’ ಚಿತ್ರವನ್ನು ನೋಡಿದವರಿಗೆ ರೈಲಿನ ಊಟದ ದೃಶ್ಯ ನೆನಪಿರಬಹುದು. ಜೇಮ್ಸ್ ಬಾಂಡ್‌ನ ಜತೆ ಊಟಕ್ಕೆ ಕುಳಿತವನು ಮೀನಿನೊಂದಿಗೆ ಕೆಂಪು ವೈನ್ ತರಿಸುತ್ತಾನೆ. ಆತ ಬ್ರಿಟಿಷ್ ಗೂಢಚಾರನ ಸೋಗು ಹಾಕಿದ ಶತ್ರು. ಗುಟ್ಟು ರಟ್ಟಾದ ಮೇಲೆ, ಆ ವೈನ್ ಕಂಡಾಗಲೇ ಅನುಮಾನ ಪಡಬೇಕಿತ್ತೆಂದು ಬಾಂಡ್ ಪೇಚಾಡುತ್ತಾನೆ. ಮೀನಿಗೆ ಬಿಳಿ, ಮಾಂಸಕ್ಕೆ ಕೆಂಪು ಎಂಬ ಕಟ್ಟಳೆ ಬಲ್ಲವನು ಕುಲೀನ, ತಪ್ಪಿದವನು ಹೊರಗಿನವ. ಪಂಕ್ತಿಭೇದ ನಮ್ಮಲ್ಲಿ ಮಾತ್ರ ಇರುವುದಲ್ಲ.

ಹಾಗಾದರೆ ಈ ಕಟ್ಟಳೆ ಬರೀ ಒಣ ಪ್ರತಿಷ್ಠೆಯೇ? ಪೂರ್ತಿ ಅಲ್ಲ. ಜಪಾನಿನ ಮರ್ಸಿಯನ್ ಎಂಬ ವೈನ್ ಕಂಪನಿಯ ಸಂಶೋಧಕರು 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 38 ಬಗೆಯ ಕೆಂಪು ಹಾಗೂ 26 ಬಗೆಯ ಬಿಳಿ ವೈನ್‌ಗಳನ್ನು ಸ್ಕ್ಯಾಲಪ್ ಎಂಬ ಚಿಪ್ಪಿನ ಮಾಂಸದ ಜತೆ ರುಚಿ ನೋಡಿಸಿದರು. ಕೆಲವು ವೈನ್‌ಗಳು ಬಾಯಲ್ಲಿ ಮೀನಿನ ನಾತ ಉಳಿಸಿದವು, ಕೆಲವು ಉಳಿಸಲಿಲ್ಲ. ನಾತಕ್ಕೆ ಕಾರಣ ಬಣ್ಣವಾಗಿರಲಿಲ್ಲ. ವೈನ್‌ನಲ್ಲಿದ್ದ ಕಬ್ಬಿಣದ ಅಂಶ. ಕಬ್ಬಿಣ ಬೆರೆಸಿದರೆ ನಾತ ಹೆಚ್ಚಿತು, ಅದನ್ನು ಕಟ್ಟಿಹಾಕುವ ರಾಸಾಯನಿಕ ಸೇರಿಸಿದರೆ ತಗ್ಗಿತು. ಕೆಂಪು ವೈನ್‌ಗಳಲ್ಲಿ ಕಬ್ಬಿಣ ಸಾಮಾನ್ಯವಾಗಿ ಹೆಚ್ಚು, ಆದರೆ ಎಲ್ಲದರಲ್ಲೂ ಅಲ್ಲ. ಅಂದರೆ ಅಜ್ಜಂದಿರ ನಾಲಗೆ ಸರಿಯಾಗಿಯೇ ಇತ್ತು, ಅದಕ್ಕೆ ಕೊಟ್ಟ ಕಾರಣ ಮಾತ್ರ ಎಡವಟ್ಟು.

ಇನ್ನು ಸಾಲ್ಮನ್. ಹೊಳಪಿನ ಲೇಪ ಹಚ್ಚಿ ಬೇಯಿಸುವ ಜಪಾನಿ ಪದ್ಧತಿಗೆ ‘ತೆರಿಯಾಕಿ’ ಎಂದು ಹೆಸರು. ‘ತೆರಿ’ ಎಂದರೆ ಹೊಳಪು, ‘ಯಾಕಿ’ ಎಂದರೆ ಸುಡುವುದು. ತಲಾ 150 ಗ್ರಾಮಿನ ಎರಡು ತುಂಡುಗಳಿಗೆ ಸೋಯಾ ಸಾಸ್, ಸಾಕೆ ಎಂಬ ಅಕ್ಕಿಯ ಮದ್ಯ, ಮಿರಿನ್ ಎಂಬ ಅದರ ಸಿಹಿ ಸೋದರ ತಲಾ ಎರಡು ದೊಡ್ಡ ಚಮಚ, ಸಕ್ಕರೆ ಒಂದು ಚಮಚ ಸಾಕು. ಮನೆಯಲ್ಲಿ ಮಾಡುವವರು ಎಡವುವುದು ಒಂದೇ ಕಡೆ: ಮೊದಲೇ ಲೇಪ ಸುರಿಯುತ್ತಾರೆ. ಮೀನು ಬೇಯುವ ಮುನ್ನವೇ ಸಕ್ಕರೆ ಸೀದು ಕಹಿಯಾಗುತ್ತದೆ, ದುಬಾರಿ ಮೀನು ಹಾಳು. ಮೊದಲು ಚರ್ಮದ ಬದಿಯನ್ನು ಕೆಳಗಿಟ್ಟು ನಾಲ್ಕೈದು ನಿಮಿಷ ಹುರಿದು, ಮಗುಚಿ, ಬಾಣಲೆಯಲ್ಲಿ ಬಿಟ್ಟ ಕೊಬ್ಬನ್ನು ಕಾಗದದಿಂದ ಒರೆಸಿ ತೆಗೆಯಬೇಕು. ಅನಂತರವೇ ಸಾಸ್. ಅದು ಕುದಿದು, ಒಂದೆಳೆ ಪಾಕಕ್ಕೆ ತುಸು ಮುಂಚಿನ ಹದಕ್ಕೆ ಬಂದಾಗ ಮೀನಿನ ಮೇಲೆ ಚಮಚದಲ್ಲಿ ಮತ್ತೆ ಮತ್ತೆ ಹೊಯ್ದರೆ ಹೊಳಪು ತಾನಾಗಿ ಬರುತ್ತದೆ. ಮೀನಿನಿಂದ ಬಿಳಿ ಮೊಸರಿನಂಥದ್ದು ಧಾರಾಳವಾಗಿ ಒಸರಿದರೆ ಬೆಂದದ್ದು ಹೆಚ್ಚಾಯಿತೆಂದೇ ಅರ್ಥ.

ಈ ಲೇಪವೇ ವೈನ್‌ನ ಲೆಕ್ಕಾಚಾರವನ್ನು ಬದಲಿಸುತ್ತದೆ. ಸಿಹಿ ತಿಂದ ಬಾಯಿಗೆ ಸಿಹಿಯಿಲ್ಲದ ವೈನ್ ಬರೀ ಹುಳಿ ಎನಿಸುತ್ತದೆ. ಪಾಯಸದ ಮೇಲೆ ಮಜ್ಜಿಗೆ ಕುಡಿದವರಿಗೆ ಇದು ಗೊತ್ತು. ಹಾಗಾಗಿ ತುಸು ಸಿಹಿ ಉಳಿಸಿಕೊಂಡ ಜರ್ಮನಿಯ ರೀಸ್ಲಿಂಗ್ ಇದಕ್ಕೆ ಒಗ್ಗುತ್ತದೆ. ಕೆಂಪೇ ಬೇಕೆನ್ನುವವರಿಗೂ ದಾರಿಯಿದೆ. ಅಡಿಕೆಯಂತೆ ಬಾಯಿ ಒಗರುಗೊಳಿಸುವ ಟ್ಯಾನಿನ್ ಕಡಿಮೆಯಿರುವ ‘ಪಿನೋ ನ್ವಾರ್’ ದ್ರಾಕ್ಷಿಯ ವೈನ್ ಸಾಲ್ಮನ್‌ನ ಕೊಬ್ಬಿಗೆ ಹೊಂದುತ್ತದೆ. ಅಮೆರಿಕದ ಆರಿಗನ್ ರಾಜ್ಯದ ಮೆಕ್‌ಮಿನ್‌ವಿಲ್‌ನಲ್ಲಿ 1987ರಲ್ಲಿ ಆರಂಭವಾದ ಪಿನೋ ನ್ವಾರ್ ಉತ್ಸವದಲ್ಲಿ, ಕಟ್ಟಿಗೆಯ ಬೆಂಕಿಯೆದುರು ಸುಟ್ಟ ಸಾಲ್ಮನ್ ಜತೆಗೇ ಈ ಕೆಂಪು ವೈನ್ ಬಡಿಸುವುದು ಸಂಪ್ರದಾಯವಾಗಿ ಬೆಳೆಯಿತು. ಬಾಂಡ್ ಅಲ್ಲಿಗೆ ಹೋಗಿದ್ದರೆ ಊರಿಗೆ ಊರನ್ನೇ ಶಂಕಿಸಬೇಕಾಗುತ್ತಿತ್ತು!

ಅಂದ ಹಾಗೆ, ನಮ್ಮ ಕರಾವಳಿಯ ರಾವಸ್ ಮೀನನ್ನು ‘ಇಂಡಿಯನ್ ಸಾಲ್ಮನ್’ ಎಂದು ಮಾರುವುದುಂಟು. ಅದು ಸಾಲ್ಮನ್ ಕುಲದ್ದಲ್ಲ, ಬೇರೆಯೇ ಮೀನು. ಇದೇ ಲೇಪ ಅದಕ್ಕೂ ಆಗುತ್ತದೆ. ಆದರೆ ಸಾಲ್ಮನ್‌ನಷ್ಟು ಕೊಬ್ಬಿಲ್ಲದ್ದರಿಂದ ಬೇಗ ಒಣಗುತ್ತದೆ. ಒಲೆಯ ಮುಂದಿನಿಂದ ಕದಲುವಂತಿಲ್ಲ.